ಪಡವಲಕಾಯಿಯ ಬಾಲಕ್ಕೆ ಕಟ್ಟಿದ ಕಲ್ಲು

ಹಿತ್ತಲಿನ ಮಣ್ಣು ಅಗೆಯುವಾಗ ಸಿಕ್ಕ ಕಲ್ಲೊಂದನ್ನು ಪುಟ್ಟತಾಯಮ್ಮ ದಾರದಿಂದ ಬಿಗಿದು, ಚಪ್ಪರದಿಂದ ಇಳಿಬಿದ್ದಿದ್ದ ಎಳೆ ಪಡವಲಕಾಯಿಯ ತುದಿಗೆ ಕಟ್ಟಿದಳು. ಪಡವಲಕಾಯಿಗೆ ಮೈಯೆಲ್ಲ ಉರಿಯಿತು.

"ಎಲೈ ಕಲ್ಲೇ, ಬೇಲಿ ಬದಿಗೆ ಬಿದ್ದಿರಬೇಕಾದ ನೀನು ನನ್ನ ಬಾಲ ಹಿಡಿದು ಜಗ್ಗುತ್ತೀಯಾ?"

"ನೀನು ನೆಟ್ಟಗೆ ಬೆಳೆಯಲೆಂದು ಜಗ್ಗುತ್ತೇನೆ," ಎಂದಿತು ಕಲ್ಲು.

"ನೆಟ್ಟಗೆ ಬೆಳೆಯುವುದು ನನಗೆ ಗೊತ್ತು!" ಎಂದ ಪಡವಲಕಾಯಿ ಅಳಿಲನ್ನು ಕರೆದು ದಾರ ಕಡಿಸಿತು. ಕಲ್ಲು ಮಣ್ಣಿಗೆ ಬಿತ್ತು.

ವಾರ ಕಳೆಯುವುದರೊಳಗೆ ಪಡವಲಕಾಯಿ ಸುರುಳಿ ಸುತ್ತಿಕೊಂಡಿತು. ಪುಟ್ಟತಾಯಮ್ಮ ನೋಡಿ, "ಅಯ್ಯೋ, ಇದನ್ನ ಕೂಟಿಗೆ ಹೆಚ್ಚೋದು ಹೇಗೆ!" ಎಂದು ನಕ್ಕು, ಅದೇ ಕಲ್ಲನ್ನು ಪಕ್ಕದ ಮಿಡಿಗೆ ಕಟ್ಟಿದಳು.

"ಅಕ್ಕಾ, ಭಾರ!" ಎಂದು ಮಿಡಿ ಅತ್ತಿತು.

"ತಾಳಿಕೋ ತಂಗಿ," ಎಂದಿತು ಸುರುಳಿಬಿದ್ದ ಪಡವಲಕಾಯಿ, "ಅಳಿಲನ್ನು ಮಾತ್ರ ಕರೆಯಬೇಡ."