ಇಡಬಾರದ ಹೆಸರು

"ಗುರುಗಳೇ, ಒಬ್ಬನನ್ನು ಮರೆಯಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

"ಯಾರನ್ನು?" ಎಂದರು ಗುರುಗಳು.

"ನನ್ನ ಅಣ್ಣನನ್ನು. ತಂದೆ ತೀರಿಕೊಂಡ ಮೇಲೆ ಅವನು ನನ್ನನ್ನು ಮನೆಯಿಂದ ಹೊರಗೆ ಹಾಕಿದ. ಅಂದಿನಿಂದ ಅವನ ಹೆಸರನ್ನು ನಾನು ಬಾಯಲ್ಲಿ ಎತ್ತಿಲ್ಲ. ಜೊತೆಯ ಶಿಷ್ಯರಿಗೂ ಅವನ ಮಾತು ಎತ್ತಬೇಡಿರೆಂದು ಹೇಳಿಟ್ಟಿದ್ದೇನೆ. ಆದರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಮೊದಲು ಬಂದು ಎದುರಿಗೆ ಕೂರುವವನು ಅವನೇ."

"ಜೊತೆಯವರಿಗೂ ಹೇಳಿಟ್ಟೆಯಾ? ಒಳ್ಳೆಯದಾಯಿತು, ಈಗ ಅವರೂ ಮರೆಯುವುದಿಲ್ಲ" ಎಂದು ನಕ್ಕು ಗುರುಗಳು ಈ ಕತೆ ಹೇಳಿದರು.

ಹಿಂದೆ ರೋಮ್ ಪಟ್ಟಣದಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನದು ಹಳೆಯ ಮನೆತನ. ಮನೆಗೆ ಅವನೇ ಹಿರಿಯ. ಅವನ ಮಾತಿಲ್ಲದೆ ಆ ಮನೆಯಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವಂತಿರಲಿಲ್ಲ.

ಆ ಊರಿನವರು ಊಟದಲ್ಲಿ, ಉಡುಗೆಯಲ್ಲಿ ಧಾರಾಳಿಗಳು. ಹೆಸರಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣರು. ಗಂಡುಮಕ್ಕಳಿಗೆ ಇಡುವ ಹೆಸರುಗಳು ಊರಿಗೆಲ್ಲ ಸೇರಿ ಹದಿನೆಂಟೋ ಇಪ್ಪತ್ತೋ. ಅದರಲ್ಲಿ ಒಂದೊಂದು ಮನೆತನ ಮೂರು ನಾಲ್ಕನ್ನು ಹಿಡಿದುಕೊಂಡು ತಾತನಿಂದ ಮೊಮ್ಮಗನಿಗೆ ತಿರುಗಿಸುತ್ತಿತ್ತು. ಹೆಣ್ಣುಮಕ್ಕಳಿಗೆ ಅಷ್ಟೂ ಇಲ್ಲ. ಅಕ್ಕತಂಗಿಯರಿಗೆಲ್ಲ ಮನೆತನದ ಒಂದೇ ಹೆಸರು; ಗುರುತಿಗೆ ಬೇಕಾದರೆ ದೊಡ್ಡವಳು, ಚಿಕ್ಕವಳು, ಮೂರನೆಯವಳು ಎನ್ನಬೇಕು. ವ್ಯಾಪಾರಿಯ ಮನೆಯ ಅಂಗಳದಲ್ಲಿ ಯಾರಾದರೂ ಗಾಯಸ್ ಎಂದು ಕೂಗಿದರೆ ಅವನೂ ತಿರುಗುತ್ತಿದ್ದ, ಅವನ ದೊಡ್ಡ ಮಗನೂ ತಿರುಗುತ್ತಿದ್ದ, ಅವನ ತಮ್ಮನ ಮಗನೂ ಓ ಎನ್ನುತ್ತಿದ್ದ.

ಆ ಮನೆಯಲ್ಲಿ ಇಡಬಾರದ ಹೆಸರೂ ಒಂದಿತ್ತು. ಔಲಸ್ ಎಂದು. ವ್ಯಾಪಾರಿಯ ಮುತ್ತಾತನ ತಮ್ಮನ ಹೆಸರು ಅದು. ಯುದ್ಧದ ಕಾಲದಲ್ಲಿ ಅವನನ್ನು ಒಂದು ಸೇತುವೆಯ ಕಾವಲಿಗೆ ನಿಲ್ಲಿಸಿದ್ದರು. ಶತ್ರುವಿನ ಸದ್ದು ಕೇಳಿದ್ದೇ ಅವನು ಗುರಾಣಿ ಎಸೆದು ಮನೆಗೆ ಓಡಿಬಂದ. ಅವನನ್ನು ನಂಬಿ ಮಲಗಿದ್ದವರು ಸತ್ತರು. ಮನೆಯ ಹಿರಿಯರೆಲ್ಲ ಕೂಡಿ, ಇನ್ನು ನಮ್ಮ ವಂಶದಲ್ಲಿ ಈ ಹೆಸರು ಬೇಡ, ಇವನ ನೆನಪು ಇಲ್ಲಿಗೇ ಅಳಿದುಹೋಗಲಿ ಎಂದು ತೀರ್ಮಾನಿಸಿದರು. ಮಾನಕ್ಕೆ ಅಂಜುವ ಮನೆತನಗಳು ಆ ಊರಿನಲ್ಲಿ ಹೀಗೆ ಮಾಡುವುದಿತ್ತು.

ಗಂಡುಮಗು ಹುಟ್ಟಿದರೆ ಒಂಬತ್ತನೆಯ ದಿನ ಹೆಸರಿಡುವ ಶಾಸ್ತ್ರ. ನೆಂಟರು ಕೂಡುತ್ತಾರೆ, ದೇವರಿಗೆ ಒಪ್ಪಿಸುತ್ತಾರೆ, ದೃಷ್ಟಿ ತಾಗದಿರಲೆಂದು ಮಗುವಿನ ಕೊರಳಿಗೆ ತಾಯಿತ ಕಟ್ಟುತ್ತಾರೆ. ಈ ಮನೆಯಲ್ಲಿ ಅದರ ಜೊತೆಗೆ ಇನ್ನೊಂದು ಶಾಸ್ತ್ರ ಸೇರಿಕೊಂಡಿತು. ಮನೆಯ ಹಿರಿಯ ಎದ್ದು ನಿಂತು, "ಈ ಮನೆಯಲ್ಲಿ ಔಲಸ್ ಎಂಬ ಹೆಸರಿಲ್ಲ" ಎಂದು ಸಾರಬೇಕು. ಹೊಸದಾಗಿ ಬಂದ ಸೊಸೆಯರು ತಿಳಿಯದೆ ಇಟ್ಟಾರೆಂಬ ಎಚ್ಚರಿಕೆ ಅದು. ಸಾರಿದ ಮೇಲೆ ಮಕ್ಕಳು ಯಾಕೆ ಎಂದು ಕೇಳದೆ ಬಿಡುತ್ತವೆಯೇ? ಕೇಳಿದ ಮೇಲೆ ಸೇತುವೆಯ ಕತೆ ಹೇಳಲೇಬೇಕು.

ಆ ಮಾತನ್ನು ಸಾರುವುದೆಂದರೆ ವ್ಯಾಪಾರಿಗೆ ಬೇಡವಾಗಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ಈ ಕಳಂಕ ತೊಲಗಬೇಕು, ಮನೆಯ ಮಕ್ಕಳು ತನ್ನ ತಂದೆಯನ್ನು ನೆನೆಯಬೇಕು ಎಂಬುದೊಂದೇ ಅವನ ಆಸೆ. ತಂದೆ ದೊಡ್ಡ ಮನುಷ್ಯ. ಹೊಳೆ ಉಕ್ಕಿ ಬಂದ ವರ್ಷ, ತನ್ನ ಉಗ್ರಾಣ ಮುಳುಗುತ್ತಿದ್ದರೂ ಅದನ್ನು ಬಿಟ್ಟು, ನೆರೆಯವರನ್ನೆಲ್ಲ ದೋಣಿಯಲ್ಲಿ ದಾಟಿಸಿದವನು.

ಹೀಗಿರುವಾಗ ಕಿರಿಯ ಸೊಸೆ ಗಂಡುಮಗು ಹೆತ್ತಳು. ಒಂಬತ್ತನೆಯ ದಿನ ಅಂಗಳ ತುಂಬ ನೆಂಟರು. ವ್ಯಾಪಾರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಅವನ ಮೊಮ್ಮಗಳು, ಮೂರನೆಯವಳು, ನಡುವೆ ಜಿಗಿದಳು. "ಈ ಮನೆಯಲ್ಲಿ ಔಲಸ್ ಎಂಬ ಹೆಸರಿಲ್ಲ!" ಎಂದು ತಾತನ ಗಂಟಲಿನಲ್ಲೇ ಸಾರಿ, ಕೈಯಲ್ಲಿದ್ದ ಪಾತ್ರೆಯ ಮುಚ್ಚಳವನ್ನು ಎಸೆದು, ಕುಂಟುತ್ತ ಅಂಗಳದ ಸುತ್ತ ಓಡಿದಳು. ಓಡುವಾಗ ಔಲಸನ ಒಂದು ಕೆರ ಕಳಚಿತ್ತು ಎಂಬುದೂ ಅವಳಿಗೆ ಬಾಯಿಪಾಠ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. "ಇದನ್ನು ಇಷ್ಟು ಚೆನ್ನಾಗಿ ಕಲಿತಿದ್ದೀಯಲ್ಲ, ನನ್ನ ಅಪ್ಪನ ಕತೆ ಹೇಳು ನೋಡೋಣ" ಎಂದ.

"ನಿಮ್ಮ ಅಪ್ಪ ಯಾರು ತಾತ?"

"ಗಾಯಸ್."

"ಯಾವ ಗಾಯಸ್?" ಎಂದಳು ಹುಡುಗಿ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ವ್ಯಾಪಾರಿ ದೊಡ್ಡವರ ಕಡೆ ನೋಡಿದ. ಅವರು ನೆಲ ನೋಡಿದರು. ತಮ್ಮನ ಮಗ ಮಾತ್ರ ಧೈರ್ಯ ಮಾಡಿ, "ಹೇಸರಗತ್ತೆ ಮಾರಿ ಮೋಸಹೋದವರಲ್ಲವೇ ದೊಡ್ಡಪ್ಪ?" ಎಂದ. ಅದು ಇನ್ನೊಬ್ಬ ಗಾಯಸ್.

ವ್ಯಾಪಾರಿಗೆ ಅಳು ಬಂದಂತಾಯಿತು. ನೆನೆಯಬೇಕಾದ ಗಾಯಸರೆಲ್ಲ ಒಬ್ಬರಲ್ಲೊಬ್ಬರು ಕಲೆತುಹೋಗಿದ್ದರು. ಅಳಿಯಬೇಕಾಗಿದ್ದವನೊಬ್ಬನೇ ಕೆರದ ಸಮೇತ ಉಳಿದುಕೊಂಡಿದ್ದ. ಅವನನ್ನು ಉಳಿಸಿದವರು ಯಾರು ಎಂದು ವ್ಯಾಪಾರಿ ಯೋಚಿಸಿದ, ಸಾರಿ ಸಾರಿ ಉಳಿಸಿದವರು ತಾವೇ, ಬೇರೆ ಯಾರನ್ನೂ ದೂರುವಂತಿರಲಿಲ್ಲ. ಅವನು ಮಗುವನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ, "ಇವನ ಹೆಸರು ಔಲಸ್" ಎಂದ.

ಅಂಗಳದಲ್ಲಿ ನಗು ನಿಂತಿತು. ವ್ಯಾಪಾರಿಯ ತಮ್ಮ ಊಟ ಮಾಡದೆ ಎದ್ದುಹೋದ. ಸೊಸೆ ಕಣ್ಣೀರು ಹಾಕಿದಳು. "ಮಾವ, ನಿಮಗೆ ನನ್ನ ಮಗುವೇ ಬೇಕಿತ್ತೇ? ನಾಳೆ ಬೀದಿಯ ಮಕ್ಕಳು ಇವನನ್ನು ಹೇಡಿ ಎಂದು ಆಡಿಕೊಳ್ಳುವುದಿಲ್ಲವೇ?"

"ಆಡಿಕೊಂಡಾರು ತಾಯಿ. ನನಗೂ ಭಯವಿದೆ" ಎಂದ ವ್ಯಾಪಾರಿ. "ಅದಕ್ಕೇ ಒಂದು ಮಾತು ನಡೆಸಿಕೊಡು. ಈ ಹೆಸರನ್ನು ಪಿಸುಗುಟ್ಟಬೇಡ. ಕರೆಯುವಾಗ ಬೀದಿಗೆ ಕೇಳುವಂತೆ ಕರೆ."

ಬಹಳ ದಿನ ಸೊಸೆಯ ನಾಲಿಗೆ ಆ ಹೆಸರಿಗೆ ಹೊರಳಲಿಲ್ಲ. ಕಂದ ಎನ್ನುತ್ತಿದ್ದಳು, ಪುಟ್ಟ ಎನ್ನುತ್ತಿದ್ದಳು. ಆಳುಗಳೂ ಮಗು ಎಂದು ಸುಮ್ಮನಾಗುತ್ತಿದ್ದರು. ಬಾಯಿ ತುಂಬ ಔಲಸ್ ಎನ್ನುತ್ತಿದ್ದವನು ತಾತ ಒಬ್ಬನೇ. ಮುದುಕನಿಗೆ ಹಟ ಹಿಡಿದಿದೆ ಎಂದು ಬೀದಿಯವರು ಮಾತಾಡಿಕೊಂಡರು. ಕೆಲವು ರಾತ್ರಿ ಅವನಿಗೂ ನಿದ್ದೆ ಬರುತ್ತಿರಲಿಲ್ಲ.

ಮಗು ನಡೆಯಲು ಕಲಿಯಿತು. ಎಣ್ಣೆ ತುಂಬಿಡಲು ಹಿತ್ತಲಿನಲ್ಲಿ ದೊಡ್ಡ ದೊಡ್ಡ ಗುಡಾಣಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತಿದ್ದರು. ಒಂದು ದಿನ ಯಾರೋ ಒಂದರ ಮುಚ್ಚಳ ತೆಗೆದಿಟ್ಟು ಮರೆತಿದ್ದರು. ಸೊಸೆ ಬಾಗಿಲಿಗೆ ಬಂದು ನೋಡುತ್ತಾಳೆ, ಮಗು ಗುಡಾಣದ ಬಾಯಿಗೆ ಬಗ್ಗಿ ಎಣ್ಣೆಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದೆ. ಅವಳ ಜೀವ ಬಾಯಿಗೆ ಬಂತು. "ಔಲಸ್!" ಎಂದು ಕಿರುಚಿದಳು. ಮೂರು ಬೀದಿಗೆ ಕೇಳಿಸಿತು. ಮಗು ತಿರುಗಿ ನೋಡಿ ನಕ್ಕಿತು. ಅವಳು ಓಡಿಹೋಗಿ ಬಾಚಿ ತಬ್ಬಿಕೊಂಡು, ಔಲಸ್, ಔಲಸ್, ನನ್ನ ಔಲಸ್ ಎಂದು ಬಡಬಡಿಸುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಯಾರಿಗೂ ಬಿಡುವಿರಲಿಲ್ಲ. ಅಂಥ ತುಂಟ ಅವನು. ಅಂಜೂರದ ಮರದಿಂದ ಇಳಿಸಲು ಕರೆಯಬೇಕು, ಆಡಿನ ಬೆನ್ನಿನಿಂದ ಇಳಿಸಲು ಕರೆಯಬೇಕು, ಸಂಜೆ ಹೊಳೆಯಿಂದ ಎಬ್ಬಿಸಲು ಕರೆಯಬೇಕು. ಊಟ ಬಿಟ್ಟು ಎದ್ದುಹೋಗಿದ್ದ ಚಿಕ್ಕತಾತನ ಗಡ್ಡಕ್ಕೆ ಅವನು ಜೇನು ಮೆತ್ತಿದ ದಿನ, ಆ ಮುದುಕನೂ ಬೈಯುವ ಭರದಲ್ಲಿ ಔಲಸ್ ಎಂದುಬಿಟ್ಟ. ಬೀದಿಯ ಮಕ್ಕಳು ಹೇಡಿ ಎಂದು ಒಂದೆರಡು ಸಲ ಕೂಗಿದ್ದು ನಿಜ. ಆದರೆ ಅವನಷ್ಟು ಎತ್ತರದ ಕೊಂಬೆಗೆ ಅವರಲ್ಲಿ ಯಾರೂ ಹತ್ತಲಾರದೆ ಸುಮ್ಮನಾದರು.

ಕೆಲವು ವರ್ಷಗಳ ಮೇಲೆ ಮನೆಯಲ್ಲಿ ಮತ್ತೊಂದು ಗಂಡುಮಗುವಿಗೆ ಹೆಸರಿಡುವ ದಿನ ಬಂತು. ದೂರದ ಊರಿನಿಂದ ಬಂದಿದ್ದ ನೆಂಟನೊಬ್ಬ ಹಳೆಯದನ್ನು ನೆನೆದು, "ಔಲಸ್ ಓಡಿಹೋದದ್ದನ್ನು ಈ ಸಲ ಹೇಳಲೇ ಇಲ್ಲವಲ್ಲ?" ಎಂದ.

"ಮತ್ತೆ ಓಡಿದನೇ!" ಎಂದು ಸೊಸೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಆಳುಗಳು ಹೊಳೆಯ ಕಡೆ ಹೊರಟರು. "ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಾನೆ, ಒಣ ಅಂಗಿ ತೆಗೆದಿಡಿ" ಎಂದ ಚಿಕ್ಕತಾತ. ನೆಂಟ ಕಣ್ಣು ಕಣ್ಣು ಬಿಟ್ಟ.

ವ್ಯಾಪಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎದೆಯ ಮೇಲಿನ ಭಾರ ಇಳಿದಿತ್ತು. ಹೆಸರಿಡುವ ದಿನ ಒಂದು ಕತೆ ಕೇಳಿ ಮನೆಯ ಮಕ್ಕಳಿಗೆ ರೂಢಿ. ಅವರು ಬಂದು ಸುತ್ತ ಕೂತರು. ಅವನು ಹೊಳೆ ಉಕ್ಕಿದ ವರ್ಷದ ಕತೆಯನ್ನು, ದೋಣಿ ನಡೆಸಿದ ಗಾಯಸನ ಕತೆಯನ್ನು, ನಿಧಾನವಾಗಿ ಮೊದಲಿನಿಂದ ಹೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ವ್ಯಾಪಾರಿಗೆ ಮೊಮ್ಮಗನಿದ್ದ ಗುರುಗಳೇ. ಮನೆಯೇ ಇಲ್ಲದ ನನಗೆ ಯಾರಿದ್ದಾರೆ?" ಎಂದ ಶಿಷ್ಯ.

"ನಿನ್ನೆ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಗಂಡುಕರುವನ್ನು ದಿನವೂ ಕರೆದು ಮೈ ತಿಕ್ಕಬೇಕಾದವನು ನೀನೇ, ಅದಕ್ಕಿನ್ನೂ ಹೆಸರಿಟ್ಟಿಲ್ಲ, ನಿನ್ನ ಅಣ್ಣನ ಹೆಸರೇನು, ಹೇಳು" ಎಂದರು ಗುರುಗಳು.