ದ್ಯಾವಪ್ಪನ ಎತ್ತು ಮತ್ತು ಕೆಂಪು ರುಮಾಲು

ನನ್ನ ದಿನಚರಿಯಲ್ಲಿ ೧೯೭೧ರ ಫೆಬ್ರುವರಿ ಎಂಟು, ಸೋಮವಾರದ ಪುಟದಲ್ಲಿ ಹೀಗಿದೆ: ‘ದ್ಯಾವಪ್ಪನ ಎತ್ತು ಮಠಕ್ಕೆ ಬಂತು. ಅಜ್ಜನವರು ಬಹಳ ದಣಿದಿದ್ದಾರೆ.’

ಪೂಜ್ಯ ಗುರುಪಾದಯ್ಯ ಅಜ್ಜನವರಿಗೆ ಆಗ ಎಪ್ಪತ್ತೊಂದು. ಮಠದ ಕೊಟ್ಟಿಗೆಗೆ ಹೊಂದಿಕೊಂಡ ತಗಡಿನ ಕೋಣೆಯಲ್ಲಿ ಇರುತ್ತಿದ್ದರು. ನಾನು ದಿನವೂ ರೊಟ್ಟಿ ಒಯ್ಯುತ್ತಿದ್ದೆ.

ಹಿಂದಿನ ವರ್ಷ ಎತ್ತಿಗೆ ಬಾವು ಬಂದಾಗ, ರೂಢಿಯಂತೆ ನಮ್ಮೂರ ರೈತ ದ್ಯಾವಪ್ಪನೇ ಕುಡಗೋಲು ಕಾಯಿಸಿ ಬರೆ ಹಾಕಿದ್ದ. ಅಂದಿನಿಂದ ಅವನ ಕೆಂಪು ರುಮಾಲು ಕಂಡರೆ ಅದು ನಡುಗುತ್ತಿತ್ತು. ಆರು ತಿಂಗಳು ರುಮಾಲು ಬಿಚ್ಚಿಟ್ಟು ಓಡಾಡಿದ. ಮತ್ತೆ ಸುತ್ತಿದ ದಿನ ಭಯ ಹಾಗೇ ಇತ್ತು.

“ಹಗ್ಗಾ ಹರೀತೈತ್ರಿ ಅಜ್ಜಾರ. ಸಂತ್ಯಾಗ ಮಾರಿದ್ರ ಕಟುಕರ ಪಾಲು. ಆ ಪಾಪ ನನಗ” ಎಂದ ದ್ಯಾವಪ್ಪ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವಳು; ನಮ್ಮ ಹೋಬಳಿಯಲ್ಲಿ ಮೊದಲ ಪದವೀಧರೆ. “ಮಿದುಳಿನ್ಯಾಗ ಕೂತ ಭಯ ಅಳಸಾಕ ಬರೂದಿಲ್ರಿ, ಮಾರೂದ ಚಲೋ” ಎಂದೆ.

“ಅಳಸೂದು ಬ್ಯಾಡ ತಂಗಿ. ರುಮಾಲು ಕೊಡೋ ದ್ಯಾವಪ್ಪಾ.”

ಅಜ್ಜನವರು ತಾವೇ ರುಮಾಲು ಸುತ್ತಿ, ಎತ್ತಿನಿಂದ ಇಪ್ಪತ್ತು ಮಾರು ದೂರ ಕುಳಿತರು.

“ಮದುಮಗ ಆದಂಗ ಕಾಣ್ತೀರಿ ಅಜ್ಜಾರ!” ಎಂದ ದ್ಯಾವಪ್ಪ.

“ಎತ್ತು ಒಪ್ಪವಲ್ದಲ್ಲೋ!”

ಬಿಸಿಲಲ್ಲಿ ದಿನವೂ ಒಂದು ತಾಸು, ಎದುರಿಗೆ ಬೇಯಿಸಿದ ಹುರುಳಿ. ಎತ್ತು ತಡೆದುಕೊಂಡಷ್ಟು ಮಾತ್ರ ಮುಂದೆ ಸರಿಯುತ್ತಿದ್ದರು. ಇಪ್ಪತ್ತನೆಯ ದಿನ ಅದು ಬೆದರಿ ಅವರ ಮೊಣಕಾಲಿಗೆ ಒದೆಯಿತು. ಮರುದಿನ ಕುಂಟುತ್ತ ಬಂದು ಅಲ್ಲೇ ಕುಳಿತರು. ಐವತ್ತೆರಡನೆಯ ದಿನ ಎತ್ತು ಅವರ ಅಂಗೈ ನೆಕ್ಕಿತು.

ದ್ಯಾವಪ್ಪ ರುಮಾಲು ಸುತ್ತಿ ಮನೆಗೆ ಹೊಡೆದುಕೊಂಡು ಹೋದ. ಬರೆ ಹಾಕಿದ್ದ ಆ ಕೊಟ್ಟಿಗೆ ಹೊಕ್ಕೊಡನೆ ಎತ್ತು ಹಗ್ಗ ಹರಿಯಿತು. ಅವನು ಅಳುತ್ತ ಮರಳಿದ. “ಎಲ್ಲಾ ನೀರಾಗ ಹೋಮ ಆತ್ರಿ.”

ಅಜ್ಜನವರು ಅವನನ್ನು ಹತ್ತಿರ ಕೂಡಿಸಿಕೊಂಡರು. “ಹಳೇ ನೆನಪು ಹೋಗೂದಿಲ್ಲೋ. ಅದರ ಮ್ಯಾಲೆ ಹೊಸಾದು ಬೆಳೀಬೇಕು. ಬರೆ ಹಾಕಿದ ಜಾಗಾದಾಗ ಈಗ ನೀ ಕೂಡು.”

ದ್ಯಾವಪ್ಪ ಇಪ್ಪತ್ಮೂರು ದಿನ ಕುಳಿತ. ಎತ್ತು ಮತ್ತೆ ಅವನ ನೊಗಕ್ಕೆ ಬಂತು. ಆಮೇಲೆ ಊರಲ್ಲಿ ಯಾರು ಬರೆಗೆ ಬೆಂಕಿ ಹಾಕಿದರೂ ಓಡಿಹೋಗಿ ನೀರು ಸುರಿಯುವವನು ಅವನೇ. ನಾನು ‘ಮಾರೂದ ಚಲೋ’ ಎಂಬ ಮಾತನ್ನು ಯಾವ ಜೀವದ ಬಗ್ಗೆಯೂ ಮತ್ತೆ ಆಡಲಿಲ್ಲ.

ಇದಕ್ಕೆ ತಗುಲಿದ್ದು ಎಪ್ಪತ್ತೈದು ದಿನ ಮತ್ತು ಅಜ್ಜನವರ ಬಲ ಮೊಣಕಾಲು. ಅದನ್ನು ಮತ್ತೆ ಮಡಚಲಾಗಲಿಲ್ಲ. ಐವತ್ತು ವರ್ಷ ಪದ್ಮಾಸನದಲ್ಲಿ ಲಿಂಗಪೂಜೆ ಮಾಡಿದವರು ಉಳಿದ ಒಂಬತ್ತು ವರ್ಷ ಕಾಲು ಚಾಚಿಕೊಂಡೇ ಮಾಡಿದರು.