ನಿಂತ ಪಂಪಿಗೆ ಕಿವಿಯಿಟ್ಟವನು

ಪುರಸಭೆಯ ಅಂಗಳದಲ್ಲಿ ಮಳೆನೀರು ಎತ್ತುವ ಎರಡು ಪಂಪುಗಳಿದ್ದವು. ಹೋದ ಮಳೆಗಾಲದಲ್ಲಿ ಎರಡೂ ಕೈಕೊಟ್ಟು, ಕೆಳಗಿನ ಕೇರಿಯ ಮನೆಗಳಿಗೆ ಚರಂಡಿ ನೀರು ನುಗ್ಗಿತ್ತು. ಆ ಕೇರಿಯಲ್ಲೇ ಇದ್ದ ಪುರಸಭೆಯ ಫಿಟ್ಟರನ ತಾಯಿ ಅಂದು ಮಂಚದ ಮೇಲೆ ಒಲೆಯಿಟ್ಟು ಅಡುಗೆ ಮಾಡಿದ್ದಳು. ಈ ಸಲ ಬೇಸಿಗೆಯಲ್ಲೇ ಪಂಪು ಬಿಚ್ಚಿ ಸರಿಮಾಡೋಣವೆಂದು ಅವನು ಕೇಳಿದರೆ, ಮುಖ್ಯಾಧಿಕಾರಿ ರುದ್ರಸ್ವಾಮಿಯವರು ಗುಡುಗಿದರು.

"ಈಗಷ್ಟೇ ಬಣ್ಣ ಹೊಡೆಸಿದ್ದೀನಿ. ನನ್ನ ಅಪ್ಪಣೆಯಿಲ್ಲದೆ ಒಂದು ನಟ್ಟು ಮುಟ್ಟಿದರೆ ನೋಡು!"

"ಆಗಲಿ ಸಾರ್," ಎಂದ ಫಿಟ್ಟರ್.

ಮರುದಿನದಿಂದ ಅವನು ಸ್ಕ್ರೂಡ್ರೈವರಿನ ತುದಿಯನ್ನು ಮೊದಲ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೂರತೊಡಗಿದ. ಒಮ್ಮೆ ಹುಬ್ಬೇರಿಸುವನು, ಒಮ್ಮೆ "ಅಯ್ಯೋ ಶಿವನೇ" ಎನ್ನುವನು. ಗುಮಾಸ್ತರು ಕೆಲಸ ಬಿಟ್ಟು ಸುತ್ತ ನೆರೆದರು. ಕಿಟಕಿಯಿಂದ ಇಣುಕಿ ಇಣುಕಿ ಸಾಹೇಬರ ಕುತ್ತಿಗೆ ಉಳುಕಿತು. ಕೊನೆಗೆ ತಾವೇ ಇಳಿದು ಬಂದರು.

"ಒಳಗೇನಯ್ಯಾ ಇದೆ?"

"ಬಿಚ್ಚದೆ ಹೇಗೆ ಹೇಳಲಿ ಸಾರ್? ಅಪ್ಪಣೆ ಇಲ್ಲವಲ್ಲ."

ಸಾಹೇಬರು ತಾವೂ ಕಿವಿಯಿಟ್ಟರು. ಏನೂ ಕೇಳಿಸಲಿಲ್ಲ. ಅದರಿಂದ ಕುತೂಹಲ ಇನ್ನೂ ಹೆಚ್ಚಿತು.

"ಬಿಚ್ಚಯ್ಯಾ, ಬಿಚ್ಚು!"

ಬಿಚ್ಚಿದರೆ ಒಳಗೆ ಒಣಗಿದ ಕೆಸರು, ತುಕ್ಕು, ಸವೆದ ಬೇರಿಂಗು.

"ಇಷ್ಟೇನಾ? ಮತ್ತೆ ಅಷ್ಟು ಹೊತ್ತು ಏನು ಕೇಳಿಸಿಕೊಳ್ತಿದ್ದೆ?"

"ನಿಂತ ಪಂಪಿನಲ್ಲಿ ಏನು ಕೇಳಿಸುತ್ತೆ ಸಾರ್? ತಮ್ಮ ಅಪ್ಪಣೆ ಕೇಳಿಸುತ್ತೇನೋ ಅಂತ ಕಾಯ್ತಿದ್ದೆ. ಹೇಗೂ ಬಿಚ್ಚಿದ್ದಾಯ್ತು, ಸರಿಮಾಡಿಯೇ ಜೋಡಿಸಲಾ?"

ಸಾಹೇಬರು ನಗಲೂ ಆಗದೆ, ಬೈಯಲೂ ಆಗದೆ, "ಹೂಂ" ಎಂದು ಮೆಟ್ಟಿಲು ಹತ್ತಿದರು. ಮೇಲಿಂದ ನೋಡಿದರೆ ಫಿಟ್ಟರ್ ಆಗಲೇ ಎರಡನೇ ಪಂಪಿನ ಕಡೆ ಸ್ಕ್ರೂಡ್ರೈವರ್ ಹಿಡಿದು ಹೊರಟಿದ್ದ.

"ಕಿವಿಯಿಡಬೇಡ ಕಣಯ್ಯಾ," ಎಂದು ಅವರು ಕಿಟಕಿಯಿಂದಲೇ ಕೂಗಿದರು, "ಅದನ್ನೂ ಬಿಚ್ಚು!"